ಅಳಿಸಿಹೋದ ಹನ್ನೊಂದು ಹೆಸರು

ನನಗೆ ಸಿಟ್ಟು ಬೇಗ ಬರುತ್ತದೆ. ವಯಸ್ಸಾದ ಮೇಲೆ ಸ್ವಲ್ಪ ಇಳಿದಿದೆ ಎಂದು ಮನೆಯವರು ಹೇಳುತ್ತಾರೆ, ನಾನು ನಂಬುವುದಿಲ್ಲ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಗಂಡನನ್ನು ಬ್ಯಾಂಕಿನವರು ವರ್ಗ ಮಾಡಿದರೆಂದು ಹುಬ್ಬಳ್ಳಿ ಬಿಟ್ಟು ಮದ್ರಾಸಿಗೆ ಬಂದು, ಒಂದು ಕಂಪನಿಯಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ್ದ ಕಾಲದಲ್ಲಂತೂ ಅದು ಸದಾ ಮೂಗಿನ ತುದಿಯಲ್ಲಿರುತ್ತಿತ್ತು. ಆ ಸಿಟ್ಟಿನಲ್ಲೇ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದೆ, ಆ ಸಿಟ್ಟಿನಲ್ಲೇ ಅದನ್ನು ಕೆಡಿಸಿದೆ. ಸರಿಮಾಡಲು ಮಾತ್ರ ಚಪ್ಪಲಿ ಸವೆಸಬೇಕಾಯಿತು.

ಕೀಲ್ಪಾಕಿನಲ್ಲಿ ಮೈಸೂರು ಕಡೆಯ ಒಬ್ಬ ಡಾಕ್ಟರಮ್ಮ ಇದ್ದರು. ನಿವೃತ್ತರಾದ ಮೇಲೆ, ರಕ್ತ ಕೊಡಲು ಒಪ್ಪಿದವರ ಹೆಸರು, ವಿಳಾಸ, ರಕ್ತದ ಗುಂಪು ಬರೆದಿಟ್ಟುಕೊಂಡು, ಬೇಕೆಂದವರಿಗೆ ಹುಡುಕಿಕೊಡುವ ಸಣ್ಣ ಸಂಘವೊಂದನ್ನು ನಡೆಸುತ್ತಿದ್ದರು. ಹೆಸರುಗಳೆಲ್ಲ ರಟ್ಟಿನ ಕಾರ್ಡುಗಳಲ್ಲಿ ಇರುತ್ತಿದ್ದವು. ಕಾರ್ಡಿನ ಪೆಟ್ಟಿಗೆಗಳು ಮೂರು. ಒಂದು ಅವರ ಮನೆಯ ಮುಂದಿನ ಕೋಣೆಯಲ್ಲಿ, ಒಂದು ವೆಸ್ಟ್ ಮಾಂಬಲಂನ ಒಬ್ಬ ನಿವೃತ್ತ ರೈಲ್ವೆ ಗುಮಾಸ್ತರ ಮನೆಯಲ್ಲಿ, ಇನ್ನೊಂದು ಬೆಸೆಂಟ್ ನಗರದ ಒಂದು ಕ್ಲಿನಿಕ್ಕಿನಲ್ಲಿ. ಒಂದು ಪೆಟ್ಟಿಗೆಯ ಸುದ್ದಿ ಇನ್ನೊಂದಕ್ಕೆ ಗೊತ್ತಿರುತ್ತಿರಲಿಲ್ಲ. ಒಬ್ಬ ಪುಣ್ಯಾತ್ಮರು ಆಫೀಸಿನ ವಿಳಾಸವನ್ನು ಒಂದು ಕಡೆ, ಮನೆಯ ವಿಳಾಸವನ್ನು ಇನ್ನೊಂದು ಕಡೆ ಕೊಟ್ಟಿದ್ದರು. ಒಂದೇ ತಿಂಗಳಲ್ಲಿ ಎರಡೂ ಕಡೆಯಿಂದ ಕರೆ ಹೋಯಿತು. ಸಂಕೋಚದ ಮನುಷ್ಯ, ಆಗುವುದಿಲ್ಲ ಎನ್ನಲಾರದೆ ಎರಡು ಸಲವೂ ಕೊಟ್ಟು, ಬಸ್ ಸ್ಟಾಪಿನಲ್ಲಿ ಕುಸಿದುಬಿದ್ದರು. ಒಮ್ಮೆ ಕೊಟ್ಟವರನ್ನು ಮೂರು ತಿಂಗಳು ಕರೆಯಬಾರದು ಎಂದು ಮೂರೂ ಪೆಟ್ಟಿಗೆಗಳ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಕನ್ನಡದವರ ಮನೆಯೊಂದರ ಸತ್ಯನಾರಾಯಣ ಪೂಜೆಯಲ್ಲಿ ಡಾಕ್ಟರಮ್ಮ ಈ ಕಥೆ ಹೇಳಿದಾಗ ನನಗೆ ತಡೆಯಲಾಗಲಿಲ್ಲ. "ಅಲ್ರಿ ಡಾಕ್ಟ್ರ, ಮೂರೂ ಪೆಟ್ಟಿಗಿ ಒಂದಕ್ಕೊಂದು ಮಾತಾಡೂ ಹಂಗ ಮಾಡಿದ್ರ ಆತಲ್ರಿ!" ಎಂದೆ.

"ಮಾಡಿಕೊಡ್ತೀಯೇನಮ್ಮ?" ಎಂದು ಅವರು ನೇರವಾಗಿ ಕೇಳಿಬಿಟ್ಟರು. ಸುತ್ತ ನಾಲ್ಕು ಜನ ಇದ್ದರು. ಆಗುವುದಿಲ್ಲ ಎನ್ನುವುದು ನನ್ನ ಜಾಯಮಾನವಲ್ಲ.

ನಮ್ಮ ಕಂಪನಿಯಲ್ಲಿ ಹಳೆಯದಾದ ಮೂರು ಯಂತ್ರಗಳು ಮೂಲೆಗೆ ಬಿದ್ದಿದ್ದವು. ಮಾಹಿತಿಯನ್ನೆಲ್ಲ ಫ್ಲಾಪಿ ಎಂಬ ತೆಳು ತಟ್ಟೆಯ ಮೇಲೆಯೇ ಬರೆದಿಟ್ಟುಕೊಂಡು ಓಡುವಂಥವು. ಮ್ಯಾನೇಜರ ಹಿಂದೆ ಎರಡು ತಿಂಗಳು ಬಿದ್ದು ಅವನ್ನು ದಾನವಾಗಿ ಪಡೆದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಆಯಾ ಕಡೆಯ ಹೆಸರುಗಳು ಆಯಾ ಯಂತ್ರದಲ್ಲಿರಲಿ. ದಿನವೂ ಸಂಜೆ ನಾಲ್ಕಕ್ಕೆ ಮೂರೂ ಯಂತ್ರಗಳು ಮೋಡೆಮ್ ಎಂಬ ಪೆಟ್ಟಿಗೆಯ ಮೂಲಕ ಟೆಲಿಫೋನಿನಲ್ಲಿ ಒಂದನ್ನೊಂದು ಕರೆದು, ಇವತ್ತು ಯಾರು ರಕ್ತ ಕೊಟ್ಟರು ಎಂಬುದನ್ನು ಹೇಳಿಕೊಳ್ಳಲಿ. ಮಾಹಿತಿ ಮೂರು ಕಡೆ ಇದ್ದರೂ ಪಟ್ಟಿ ಒಂದೇ ಆಗುತ್ತದೆ. ಆಫೀಸಿನ ಹುಡುಗರು ನಕ್ಕರು. ಮದ್ರಾಸಿನ ಟೆಲಿಫೋನಿನಲ್ಲಿ ಮನುಷ್ಯರ ಮಾತೇ ಕೇಳಿಸುವುದಿಲ್ಲ, ಇನ್ನು ಯಂತ್ರದ ಮಾತು ಎಲ್ಲಿ ಕೇಳಿಸುತ್ತದೆ ಎಂದರು. ನಾನು ಅವತ್ತು ಅವರ ಜೊತೆ ಊಟಕ್ಕೆ ಕೂರಲಿಲ್ಲ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ವಾರ ಕೀಲ್ಪಾಕಿನಿಂದ ಹೊರಟ ಹೆಸರು ಮಾಂಬಲಂ ತಲುಪುವಷ್ಟರಲ್ಲಿ ಬರೀ ಚುಕ್ಕಿ, ಕೊಂಡಿ, ಶೇಕಡಾ ಗುರುತುಗಳಾಗಿರುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಆ ಸಾಲಿನ ಅಕ್ಷರಗಳ ಮೊತ್ತವನ್ನೂ ಸೇರಿಸಿ ಕಳಿಸಿ, ಮೊತ್ತ ಕೂಡದಿದ್ದರೆ ಮತ್ತೆ ಕಳಿಸುವಂತೆ ಪ್ರೋಗ್ರಾಂ ತಿದ್ದಿದೆ. ಆಮೇಲೆ ಬೆಸೆಂಟ್ ನಗರದ್ದು ಬೇರೆಯೇ ರಗಳೆ. ಹತ್ತು ದಿನಕ್ಕೊಮ್ಮೆ ಅಲ್ಲಿನ ಯಂತ್ರ ಸುಮ್ಮನೆ ನಿಂತುಬಿಡುತ್ತಿತ್ತು. ಎಲ್ಲ ಪ್ರೋಗ್ರಾಂ ಹುಡುಕಿದೆ, ತಪ್ಪು ಸಿಗಲಿಲ್ಲ. ಕೊನೆಗೆ ಯಂತ್ರದ ಮುಚ್ಚಳ ಬಿಚ್ಚಿ ನೋಡಿದರೆ, ಒಳಗಿನ ಸರ್ಕ್ಯೂಟ್ ಹಲಗೆಗಳ ತಾಮ್ರದ ಹಲ್ಲುಗಳಿಗೆ ಸಮುದ್ರದ ಗಾಳಿ ಹೊಡೆದು ಹಸಿರು ಪಾಚಿಯಂಥದು ಹಿಡಿದಿತ್ತು. ಮಕ್ಕಳು ಪೆನ್ಸಿಲ್ ಗೆರೆ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ತಿಕ್ಕಿದೆ, ಯಂತ್ರ ಎದ್ದು ಕೂತಿತು. ಅಂದಿನಿಂದ ಪ್ರತಿ ಎರಡನೇ ಶನಿವಾರ ನನ್ನ ಕೈಚೀಲದಲ್ಲಿ ಒಂದು ರಬ್ಬರ್, ಒಂದು ಸ್ಕ್ರೂಡ್ರೈವರ್ ಇರುತ್ತಿದ್ದವು. ಕ್ಲಿನಿಕ್ಕಿನ ನರ್ಸ್ ನನ್ನನ್ನು ಪಲ್ಲು ಡಾಕ್ಟರ್ ಎಂದು ಕರೆಯತೊಡಗಿದಳು. ತಮಿಳಿನಲ್ಲಿ ಹಲ್ಲಿನ ಡಾಕ್ಟರು.

ಮಾಂಬಲಂನ ಯಂತ್ರ ನೋಡಿಕೊಳ್ಳುತ್ತಿದ್ದವರು ಆ ನಿವೃತ್ತ ರೈಲ್ವೆ ಗುಮಾಸ್ತರು. ಅವರ ತಾತನ ಕಾಲದಲ್ಲಿ ಮದ್ರಾಸಿಗೆ ಬಂದ ಕುಟುಂಬ. ಮಕ್ಕಳು ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. ಇವರು ಮಾತ್ರ ನನ್ನೊಡನೆ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದರು, ಆ ಕನ್ನಡದ ಅರ್ಧ ತಮಿಳು. ಮೊದಲ ದಿನ ನಾನು ನಮ್ಮ ಕಡೆಯ ರೂಢಿಯಂತೆ ಅವರನ್ನು "ಕಾಕಾ" ಎಂದು ಕರೆದಾಗ ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು.

"ಇಲ್ಲಿ ಕಾಕಾ ಅಂದ್ರೆ ಕಾಗೆ ಮ್ಮಾ. ನೀನು ಮಾಮಾ ಅಂತ ಕೂಗು, ಪರವಾಗಿಲ್ಲೆ," ಎಂದು ಅವರೂ ನಕ್ಕರು.

ಮಾಮಾ ಒಂದೇ ಬೆರಳಿನಲ್ಲಿ ಟೈಪು ಮಾಡುವವರು. ಪ್ರತಿ ಕಾರ್ಡನ್ನೂ ಗಟ್ಟಿಯಾಗಿ ಓದುತ್ತ, ಒಂದೊಂದೇ ಅಕ್ಷರ ಹುಡುಕುತ್ತ, ನಾಲ್ಕು ತಿಂಗಳಲ್ಲಿ ಕೀಲ್ಪಾಕಿನದನ್ನೂ ಸೇರಿಸಿ ಎಲ್ಲ ಕಾರ್ಡುಗಳನ್ನೂ ಯಂತ್ರಕ್ಕೆ ಏರಿಸಿದರು. ಏರಿಸಿದ ಮೇಲೂ ಡಾಕ್ಟರಮ್ಮ ಕಾರ್ಡಿನ ಪೆಟ್ಟಿಗೆಯನ್ನೇ ತೆರೆಯುತ್ತಿದ್ದರು. ನನಗೆ ರೇಗಿತು. ಕಾರ್ಡು ಇರುವತನಕ ಯಂತ್ರವನ್ನು ಯಾರೂ ನಂಬುವುದಿಲ್ಲ ಎಂದು ಜಗಳ ತೆಗೆದು, ಮೂರೂ ಕಡೆಯ ಕಾರ್ಡುಗಳನ್ನು ಹಳೇ ಪೇಪರಿನವನಿಗೆ ಹಾಕಿಸಿದೆ. ಡಾಕ್ಟರಮ್ಮ ಬೇಡವೆನ್ನಲಿಲ್ಲ, ಖಾಲಿ ಪೆಟ್ಟಿಗೆಯನ್ನು ಮಾತ್ರ ಇಟ್ಟುಕೊಂಡರು.

ಇಲ್ಲಿ ಟೀಚರ ವಿಷಯ ಹೇಳಬೇಕು. ಅವರು ಮಾಂಬಲಂನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು, ನನಗಿಂತ ಎರಡು ಮೂರು ವರ್ಷ ದೊಡ್ಡವರು. ಮೈಯಲ್ಲಿ ಹೊಸ ರಕ್ತ ಹುಟ್ಟುವುದೇ ನಿಂತುಹೋಗುವ ಕಾಯಿಲೆ ಅವರಿಗೆ. ಮೂರು ವಾರಕ್ಕೊಮ್ಮೆ ಒಂದು ಬಾಟಲಿ ರಕ್ತ ಏರಿಸಿದರೆ ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದರು, ತಪ್ಪಿದರೆ ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ. ಎರಡು ಸಲ ತಪ್ಪಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರಮ್ಮ ನನ್ನೆದುರಿಗೇ ಹೇಳಿದ್ದರು. ಅವರದು ಓ ನೆಗೆಟಿವ್ ಗುಂಪು. ಅಂಥವರಿಗೆ ಅದೇ ಗುಂಪಿನವರ ರಕ್ತವೇ ಆಗಬೇಕು, ಆ ಗುಂಪಿನವರು ಸಿಗುವುದು ಅಪರೂಪ. ಕೀಲ್ಪಾಕು ಮಾಂಬಲಂ ಸೇರಿ ಹನ್ನೊಂದು ಜನ ನಮ್ಮ ಪಟ್ಟಿಯಲ್ಲಿದ್ದರು, ಬೆಸೆಂಟ್ ನಗರದ ಯಂತ್ರದಲ್ಲಿ ಆ ಕಡೆಯ ಇಬ್ಬರು. ಹನ್ನೊಂದು ಜನರ ಪಟ್ಟಿಯನ್ನು ಡಾಕ್ಟರಮ್ಮನ ಕಣ್ಣೆದುರಿಗೇ ಇರಲಿ ಎಂದು ಎರಡೂ ಯಂತ್ರಗಳಿಂದ ತೆಗೆದು ಬೇರೆ ಫ್ಲಾಪಿಯಲ್ಲಿ ಕೀಲ್ಪಾಕಿನಲ್ಲಿ ಇಟ್ಟಿದ್ದೆ. ಟೀಚರ್ ಬದುಕಿದ್ದದ್ದು ಆ ಪಟ್ಟಿಯಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಆ ಫ್ಲಾಪಿಗೆ ಒಂದು ಪ್ರತಿ ಮಾಡಿ ಕಪಾಟಿನಲ್ಲಿಟ್ಟಿದ್ದೆ, ಅದಕ್ಕೆ ಬೂಷ್ಟು ಹಿಡಿದು ಬಿಳಿ ಚುಕ್ಕೆ ಎದ್ದು ಕೆಟ್ಟುಹೋಯಿತು. ಆಮೇಲೆ ಮೂಲ ಫ್ಲಾಪಿಯೂ ಓದುವಾಗ ಕರಕರ ಎನ್ನತೊಡಗಿತು. ಇದು ಪೂರ್ತಿ ಕೆಡುವ ಮೊದಲು ಪಟ್ಟಿಯನ್ನು ಮಾಂಬಲಂಗೆ ಕಳಿಸಿ, ಫ್ಲಾಪಿಯನ್ನು ಒರೆಸಿ ಹೊಸದಾಗಿ ಸಿದ್ಧಮಾಡಿ, ಮತ್ತೆ ಅಲ್ಲಿಂದ ತರಿಸಿಕೊಳ್ಳೋಣ ಎಂದುಕೊಂಡೆ. ಒರೆಸುವುದಕ್ಕೆ ನಾವು ಫಾರ್ಮ್ಯಾಟ್ ಎನ್ನುತ್ತೇವೆ. ಒಮ್ಮೆ ಮಾಡಿದರೆ ಅದರ ಮೇಲಿದ್ದದ್ದು ಮತ್ತೆ ಬರುವುದಿಲ್ಲ. ಹೊಸ ಫ್ಲಾಪಿ ತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಆದರೆ ಅಂಗಡಿಗೆ ಹೋಗಿ ಬರುವಷ್ಟು ತಾಳ್ಮೆ ನನಗಿರಲಿಲ್ಲ.

ಸಂಜೆ ನಾಲ್ಕಕ್ಕೆ ಪಟ್ಟಿ ಕಳಿಸಿದೆ. ನನ್ನ ಪರದೆಯ ಮೇಲೆ, ಕಳಿಸಿದ್ದಾಯಿತು ಎಂದು ಬಂತು. ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಕೊರತೆ ಇತ್ತು. ಸಾಲು ಸಾಲಾಗಿ ಸರಿನೋಡುತ್ತಿತ್ತೇ ಹೊರತು, ಪಟ್ಟಿ ಪೂರ್ತಿ ಫ್ಲಾಪಿಗೆ ಇಳಿಯಿತು ಎಂದು ಆ ಕಡೆಯ ಯಂತ್ರ ಹೇಳುವತನಕ ಇದು ಕಾಯುತ್ತಿರಲಿಲ್ಲ. ಅದಕ್ಕೇ ಮಾಮಾಗೆ ಫೋನ್ ಮಾಡಿ ಕೇಳಿಕೊಳ್ಳುವ ರೂಢಿ. ಮಳೆಗೆ ಲೈನು ಗೊರಗೊರ ಎನ್ನುತ್ತಿತ್ತು.

"ಮಾಮಾ, ನೆಗೆಟಿವ್ ಪಟ್ಟಿ ಐತೇನ್ರಿ ಅಲ್ಲಿ?"

"ಕೊಂಜ ಇರಮ್ಮಾ, ನೋಡ್ತೀನಿ." ಒಂದೊಂದೇ ಕೀಲಿ ಒತ್ತುವ ಸದ್ದು ಕೇಳಿಸಿತು. ಆಮೇಲೆ, "ಇಲ್ಲೆ," ಎಂದರು.

ಇಲ್ಲೇ ಇದೆ ಎಂದರಲ್ಲ, ಸರಿ. ಫೋನಿಟ್ಟು, ಫಾರ್ಮ್ಯಾಟ್ ಆಜ್ಞೆ ಕೊಟ್ಟೆ. ನಿಜವಾಗಿಯೂ ಒರೆಸಲೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿ, ಕೊಡೆ ಬಿಚ್ಚಿಕೊಂಡು ಮನೆಗೆ ಹೋದೆ.

ಮರುದಿನ ಮಾಂಬಲಂನ ಟೆಲಿಫೋನು ಮಳೆನೀರಿಗೆ ಸತ್ತು ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ಡಾಕ್ಟರಮ್ಮ ಟೀಚರಿಗೆ ಮುಂದಿನ ಸಲ ಯಾರನ್ನು ಕರೆಯುವುದೆಂದು ನೋಡಲು ಪಟ್ಟಿ ಕೇಳಿದರು. ಲೈನು ಬಂದಿತ್ತು. ಮಾಮಾಗೆ ಫೋನ್ ಮಾಡಿ, ಪಟ್ಟಿಯನ್ನು ವಾಪಸು ಕಳಿಸಲು ಹೇಳಿದೆ.

"ಯಾವ ಪಟ್ಟಿ? ನೀನು ತಿರುಗಿ ಕಳಿಸ್ತೀಯಾ ಅಂತ ನಾನು ಕಾಯ್ತಾ ಇದೀನಮ್ಮಾ."

"ನಾ ಯಾಕ ಕಳಸ್ಲಿ? ನಿಮ್ಮ ಕಡೆ ಐತಿ ಅಂದ್ರಲ್ರಿ ಅವತ್ತು!"

"ನಾನೆಲ್ಲಿ ಹಾಗಂದೆ? ಇಲ್ಲೆ ಅಂತ ತಾನೇ ಹೇಳ್ದೆ?"

"ಅದನ್ನ ನಾನೂ ಹೇಳಾಕತ್ತೇನ್ರಿ, ಇಲ್ಲೇ ಅಂದ್ರಿ!"

"ಆಮಾ, ಹೌದಮ್ಮಾ, ಇಲ್ಲೆ!"

"ಮತ್ತ ಇಲ್ಲೇ ಇದ್ರ ಕಳಸ್ರಿ!"

ಹಾಗೆ ಕೂಗುತ್ತಿರುವಾಗಲೇ ನನಗೆ ಹೊಳೆಯಿತು. ಅವರು ಹೇಳಿದ್ದು ತಮಿಳಿನ ಇಲ್ಲೆ. ತಮಿಳಿನಲ್ಲಿ ಅದಕ್ಕೆ ಇಲ್ಲ ಎಂದೇ ಅರ್ಥ. ಮದ್ರಾಸಿಗೆ ಬಂದು ಮೂರು ವರ್ಷವಾಗಿತ್ತು, ದಿನಕ್ಕೆ ನೂರು ಸಲ ತರಕಾರಿಯವಳಿಂದ, ಬಸ್ಸಿನವನಿಂದ ಆ ಮಾತು ಕೇಳಿದ್ದೆ. ಆದರೆ ಕನ್ನಡ ಮಾತಾಡುತ್ತಿದ್ದ ಬಾಯಿಂದ ಬಂದದ್ದರಿಂದ ನನ್ನ ಕಿವಿ ಅದನ್ನು ಕನ್ನಡವೆಂದೇ ಹಿಡಿದಿತ್ತು.

ಡಾಕ್ಟರಮ್ಮನಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಬೆಸೆಂಟ್ ನಗರದ ಇಬ್ಬರ ಹೆಸರು ತರಿಸಿ ನೋಡಿದರು. ಇಬ್ಬರೂ ಹಿಂದಿನ ತಿಂಗಳಷ್ಟೇ ಕೊಟ್ಟಿದ್ದರು, ಕರೆಯುವಂತಿರಲಿಲ್ಲ. ಆಮೇಲೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದರು.

"ಹದಿನಾರು ದಿನ ಇದೆ. ಅಷ್ಟರೊಳಗೆ ಒಬ್ಬರಾದರೂ ಸಿಗಬೇಕು ಕಣಮ್ಮ," ಎಂದರು.

ಒಬ್ಬರಲ್ಲ, ಹನ್ನೊಂದು ಜನರನ್ನೂ ತರುತ್ತೇನೆ ಎಂದು ನಾನು ಹೇಳಿದೆ. ಆಫೀಸಿಗೆ ಎರಡು ವಾರ ರಜೆ ಬರೆದುಕೊಟ್ಟೆ. ಮ್ಯಾನೇಜರು ಕಾರಣ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಹುಡುಗರು ಕೇಳಿಸಿಕೊಂಡರೂ ಪರವಾಗಿಲ್ಲವೆಂದು.

ಮೊದಲು ಮಾಮಾ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು. "ಎಲ್ಲಾ ನನ್ನಿಂದ ಮ್ಮಾ. ಕನ್ನಡದವನು ಅಂತ ಹೇಳ್ಕೊಂಡು ತಿರುಗ್ತೀನಿ, ಒಂದು ಇಲ್ಲ ಅನ್ನಕ್ಕೆ ಬರಲಿಲ್ಲೆ ನನಗೆ," ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ಅಯ್ಯೋ ಅನಿಸಿತು. ಕಾರ್ಡುಗಳನ್ನು ಮಾರಿಸಿದವಳು ನಾನು, ಯಂತ್ರ ಕೇಳಿದಾಗ ಹೌದು ಎಂದು ಒತ್ತಿದವಳು ನಾನು, ಆ ವಯಸ್ಸಾದವರು ಅಳುತ್ತಿದ್ದರು.

"ಅಳೂದು ಆಮ್ಯಾಲ, ಮಾಮಾ. ಆ ಕಾರ್ಡೆಲ್ಲಾ ಓದಿ ಓದಿ ಟೈಪ್ ಮಾಡಿದವರು ನೀವು. ಏನೇನು ನೆನಪದಾವ ಹೇಳ್ರಿ," ಎಂದು ನೋಟ್ ಬುಕ್ಕು ತೆಗೆದೆ.

ಒಂದೇ ಬೆರಳಿನಲ್ಲಿ ಟೈಪು ಮಾಡಿದ್ದು ಅವತ್ತು ಉಪಕಾರಕ್ಕೆ ಬಂತು. ಬೇಗಬೇಗ ಹೊಡೆಯುವವರಿಗೆ ಒಂದೂ ನೆನಪಿರುತ್ತಿರಲಿಲ್ಲ. ಮಾಮಾ ಕಣ್ಣು ಮುಚ್ಚಿ ಗೋಡೆಗೊರಗಿ ಒಂದೊಂದಾಗಿ ಹೇಳಿದರು. ಏಳು ಜನರ ಹೆಸರು ಪೂರ್ತಿ ಬಂತು. ವಿಳಾಸ ಮಾತ್ರ ತುಂಡು ತುಂಡು: ಒಬ್ಬರ ಬೀದಿ, ಒಬ್ಬರ ಮನೆ ನಂಬರು, ಒಬ್ಬರದು ಸೈಕಲ್ ಅಂಗಡಿಯ ಮಹಡಿ ಎಂಬುದಷ್ಟೇ. ಉಳಿದ ನಾಲ್ವರಲ್ಲಿ ಒಬ್ಬರು ಬಸ್ ಕಂಡಕ್ಟರ್, ಒಬ್ಬರು ನಾದಸ್ವರ ನುಡಿಸುವವರು. ಇನ್ನಿಬ್ಬರದು ಏನೂ ನೆನಪಾಗಲಿಲ್ಲ. ಅವರ ಕಾರ್ಡು ಹೊಡೆದ ದಿನ ಕರೆಂಟು ಹೋಗಿ ಹೋಗಿ ಬರುತ್ತಿತ್ತು, ಬೈಯುತ್ತಾ ಟೈಪು ಮಾಡಿದ್ದೆ ಎಂದರು.

ಮರುದಿನದಿಂದ ಇಬ್ಬರೂ ಹೊರಟೆವು. ಮಾಂಬಲಂನ ಗಲ್ಲಿಗಳಲ್ಲಿ ಮೊಣಕಾಲುದ್ದ ನೀರು. ಮಾಮಾ ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ, ನಾನು ಸೀರೆ ಎತ್ತಿಕೊಂಡು ಹಿಂದೆ. ಅಲ್ಲಿ ಹೆಸರು ಹೇಳಿ ಮನೆ ಕೇಳಿದರೆ ಏನೂ ಪ್ರಯೋಜನವಿಲ್ಲ. ಒಂದೇ ಹೆಸರಿನವರು ಬೀದಿಗೆ ನಾಲ್ಕು ಜನ, ತಂದೆಯ ಹೆಸರಿನ ಮೊದಲಕ್ಷರವೂ ಇಬ್ಬರಿಗೆ ಒಂದೇ ಇರುತ್ತದೆ. ನಮ್ಮನ್ನು ಕಾಪಾಡಿದವರು ಸ್ಟೇಷನ್ ಹತ್ತಿರದ ಕಾಫಿಪುಡಿ ಅಂಗಡಿಯವರು. ವಾರಕ್ಕೊಮ್ಮೆ ಹೊಸದಾಗಿ ಬೀಸಿದ ಪುಡಿ ಒಯ್ಯದ ಮನೆ ಆ ಕಡೆ ಇರಲಿಲ್ಲ. ಅವರು ಮನುಷ್ಯರನ್ನು ಗುರುತಿಸುತ್ತಿದ್ದದ್ದು ಚಿಕೋರಿಯಿಂದ. ನಾವು ಹೆಸರು ಹೇಳಿದರೆ, ಚಿಕೋರಿ ಹಾಕಿಸಿಕೊಳ್ಳುವವರಾ, ಹಾಕಿಸಿಕೊಳ್ಳದವರಾ ಎಂದು ಕೇಳುತ್ತಿದ್ದರು. ನನಗೆ ಬೇಕಾದದ್ದು ರಕ್ತದ ಗುಂಪು, ಅವರಿಗೆ ಗೊತ್ತಿದ್ದದ್ದು ಕಾಫಿಯ ಹದ. ಹಾಗೂ ಹೀಗೂ ಹೊಂದಿಸಿ ಐದು ದಿನದಲ್ಲಿ ನಾಲ್ಕು ಮನೆ ಸಿಕ್ಕವು.

ಸಿಕ್ಕವರೆಲ್ಲ ಒಳ್ಳೆಯವರೇ. ಆದರೆ ಯಾವಾಗ ಕೊಟ್ಟಿರಿ ಎಂದು ಕೇಳಿದರೆ ನಾಲ್ವರೂ ಮೂರು ತಿಂಗಳೊಳಗೆ ಕೊಟ್ಟವರು. ಹಿಂದಿನ ನಾಲ್ಕು ಸಲ ಟೀಚರಿಗೆ ಹೋದದ್ದು ಇವರದೇ ರಕ್ತ. ಮಾಮಾ, "ಪರವಾಗಿಲ್ಲೆ, ಇನ್ನೂ ಏಳು ಜನ," ಎಂದರು. ಅವರ ಬಾಯಲ್ಲಿ ಆ ಇಲ್ಲೆ ಕೇಳಿದರೆ ಸಾಕು, ನಾನು ನೋಟ್ ಬುಕ್ಕು ತೆಗೆದು ಉಳಿದವರನ್ನು ಮತ್ತೊಮ್ಮೆ ಎಣಿಸುತ್ತಿದ್ದೆ.

ಸುತ್ತಾಟದ ನಡುವೆ ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಕೂತು ಪ್ರೋಗ್ರಾಂ ತಿದ್ದಿದೆ. ಇನ್ನುಮುಂದೆ ಪಟ್ಟಿ ಬಂದ ಕಡೆಯ ಯಂತ್ರ ತನ್ನ ಫ್ಲಾಪಿಯಿಂದ ಹೆಸರುಗಳನ್ನು ಓದಿ ಎಣಿಸಿ, ಆ ಎಣಿಕೆಯನ್ನು ವಾಪಸು ಕಳಿಸಬೇಕು. ಎರಡೂ ಕಡೆಯ ಎಣಿಕೆ ಒಂದೇ ಆಗುವತನಕ ಕಳಿಸಿದ ಯಂತ್ರ ತನ್ನ ಪಟ್ಟಿಯನ್ನು ಅಳಿಸಲು ಬಿಡಬಾರದು. ಯಾವ ಪಟ್ಟಿಯೂ ಎರಡು ಯಂತ್ರಗಳಿಗಿಂತ ಕಡಿಮೆ ಕಡೆ ಇರಬಾರದು. ಈ ಎರಡು ನಿಯಮ ನನಗೆ ಮೊದಲೇ ಗೊತ್ತಿದ್ದವು. ಪುಸ್ತಕದಲ್ಲಿ ಓದಿದ್ದೆ, ಮೂರು ಯಂತ್ರಕ್ಕೆ ಇಷ್ಟೆಲ್ಲ ಯಾಕೆ ಎಂದು ಬಿಟ್ಟಿದ್ದೆ. ಫೋನಿನಲ್ಲಿ ಮಾತಾಡುವಾಗಲೂ ಇದೆ ಇಲ್ಲ ಎನ್ನುವ ಮಾತೇ ಬೇಡ, ಎಷ್ಟು ಹೆಸರಿದೆ ಎಣಿಸಿ ಹೇಳಿ ಎಂದು ಮಾಮಾಗೆ ಹೇಳಿದೆ.

ಹತ್ತನೆಯ ದಿನಕ್ಕೆ ಏಳು ಜನ ಆದರು. ಹೊಸ ಮೂವರಲ್ಲಿ ಒಬ್ಬರಿಗೆ ಕಾಮಾಲೆ. ಇನ್ನಿಬ್ಬರು ಮಗಳ ಮನೆಗೆಂದು ಊರಿಗೆ ಹೋಗಿದ್ದರು, ಗಂಡ ಹೆಂಡತಿ ಇಬ್ಬರೂ ಒಂದೇ ಗುಂಪಿನವರು. ಬರುವುದು ತಿಂಗಳ ಕೊನೆಗೆ ಎಂದು ಪಕ್ಕದ ಮನೆಯವರು ಹೇಳಿದರು. ನಾದಸ್ವರದವರನ್ನು ದೇವಸ್ಥಾನದಿಂದ ದೇವಸ್ಥಾನಕ್ಕೆ ಹುಡುಕಿ ಹನ್ನೆರಡನೆಯ ದಿನ ಹಿಡಿದೆವು. ಅವರೂ ಎರಡು ತಿಂಗಳ ಹಿಂದೆ ಬೇರೆಲ್ಲೋ ಕೊಟ್ಟಿದ್ದರು. ಅವತ್ತು ಬಸ್ಸಿನಲ್ಲಿ ಕೂತು ನಾನು ಅತ್ತೆ. ಕಂಡಕ್ಟರ್ ಟಿಕೆಟ್ ಕೇಳಿದಾಗ ಮಾಮಾ ತಾವೇ ಎರಡು ತೆಗೆದುಕೊಂಡರು.

ಆ ಟಿಕೆಟ್ ನೋಡಿಯೇ ಬುದ್ಧಿ ಬಂತು: ನಮ್ಮ ಪಟ್ಟಿಯಲ್ಲೂ ಒಬ್ಬ ಕಂಡಕ್ಟರ್ ಇದ್ದರಲ್ಲ. ಮಾಂಬಲಂ ಕಡೆ ಓಡುವ ಬಸ್ಸುಗಳ ಡಿಪೋ ಯಾವುದು ಎಂದು ಕೇಳಿಕೊಂಡು, ಮರುದಿನ ಬೆಳಿಗ್ಗೆ ಹೋಗಿ ಅದರ ಗೇಟಿನಲ್ಲಿ ನಿಂತೆ. ಬಂದ ಬಂದ ಕಂಡಕ್ಟರನ್ನೆಲ್ಲ ತಡೆದು, ನಿಮ್ಮದು ಓ ನೆಗೆಟಿವಾ ಎಂದು ಕೇಳಿದೆ. ನಕ್ಕವರು ನಕ್ಕರು. ಒಬ್ಬ ನನ್ನನ್ನು ಹುಚ್ಚಿ ಎಂದುಕೊಂಡು ದೂರ ಸರಿದ. ಎರಡನೆಯ ದಿನ ಮಧ್ಯಾಹ್ನ ಒಬ್ಬರು ಚೀಲ ಹೆಗಲಿಗೇರಿಸುತ್ತಾ ನಿಂತು, ತಮಿಳಿನಲ್ಲಿ, ಹೌದು, ಆರು ತಿಂಗಳಿಂದ ಯಾಕೆ ಯಾರೂ ನನ್ನನ್ನು ಕರೆಯಲಿಲ್ಲ ಎಂದು ಕೇಳಿದರು.

ಹದಿನಾರನೆಯ ದಿನ ಆಸ್ಪತ್ರೆಯಲ್ಲಿ ಕಂಡಕ್ಟರ್ ರಕ್ತ ಕೊಟ್ಟು, ಕಾಫಿ ಕುಡಿದು, ಹೊರಟುಹೋದರು. ಮಾಮಾ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನಾನು ವಾರ್ಡಿಗೆ ಹೋದೆ. ಟೀಚರ್ ದಿಂಬಿಗೊರಗಿದ್ದರು, ಮುಖ ಸುಣ್ಣ ಬಳಿದಂತೆ ಬಿಳಿಚಿತ್ತು, ಬಾಟಲಿಯಿಂದ ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು. ಅವರಿಗೆ ಏನೂ ಗೊತ್ತಿರಲಿಲ್ಲ. ಹೇಳಬೇಕಾದ ಅಗತ್ಯವಿಲ್ಲ ಎಂದು ಡಾಕ್ಟರಮ್ಮ ಅಂದಿದ್ದರು. ಆದರೆ ಹೇಳದೆ ನಾನು ಮನೆಗೆ ಹೋಗುವಂತಿರಲಿಲ್ಲ. ನನ್ನ ಹರಕು ಮುರುಕು ತಮಿಳಿನಲ್ಲಿ, ನಿಮ್ಮ ಪಟ್ಟಿಯನ್ನು ಅಳಿಸಿದವಳು ನಾನೇ ಎಂದು ಮೊದಲಿಂದ ಕೊನೆಯವರೆಗೆ ಹೇಳಿದೆ. ಬೈಯಲಿ ಎಂದು ಕಾದೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಟೀಚರ್ ಕೇಳಿದರು, "ಅಡುತ್ತ ತಡವೆಕ್ಕು ಯಾರು ಇರುಕ್ಕಾಂಗ?"

ಮುಂದಿನ ಸಲಕ್ಕೆ ಯಾರಿದ್ದಾರೆ ಎಂದು. ಊರಿಗೆ ಹೋಗಿರುವ ಗಂಡ ಹೆಂಡತಿ ಬರುತ್ತಾರೆ, ಮುಂದಿನ ಸಲಕ್ಕೆ ಒಬ್ಬರು, ಅದರ ಮುಂದಿನದಕ್ಕೆ ಒಬ್ಬರು ಎಂದೆ.

"ಅದುಕ್ಕು ಅಡುತ್ತದು?"

ಅದಕ್ಕೂ ಮುಂದಿನದು ನನಗೂ ಗೊತ್ತಿರಲಿಲ್ಲ. ಮೊದಲು ಕೊಟ್ಟವರ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ, ಆದರೆ ಅವರು ಆಗ ಊರಲ್ಲಿರುತ್ತಾರೋ, ಆರೋಗ್ಯವಾಗಿರುತ್ತಾರೋ ಹೇಳುವಂತಿರಲಿಲ್ಲ. ಇನ್ನೂ ಇಬ್ಬರು ಇದ್ದಾರೆ, ಅವರ ಹೆಸರೂ ಗೊತ್ತಿಲ್ಲ, ಹುಡುಕುತ್ತಿದ್ದೇವೆ ಎಂದೆ.

"ಸರಿ. ತೇಡುಂಗ," ಎಂದು ಅವರು ಕಣ್ಣು ಮುಚ್ಚಿದರು.

ಹುಡುಕಿ ಎಂದರು. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ, ಮಾಮಾ ಆಗಲೇ ಎದ್ದು ನಿಂತಿದ್ದರು.